ಶೇಕಡಾ ಅರ್ಧದವರು

ಅಮೆರಿಕದ ಸ್ಟರ್ಲಿಂಗ್ ಊರಿನ ಗುರುರಾಜನ ಕೆಲಸವೇನೆಂದು ಅವನ ಹೆಂಡತಿಗೂ ಸರಿಯಾಗಿ ಗೊತ್ತಿಲ್ಲ. ಒಮ್ಮೆ ಬರೆದ ಆಪನ್ನು ಎಲ್ಲ ಬಗೆಯ ಫೋನುಗಳಲ್ಲೂ ಓಡುವಂತೆ ಕಟ್ಟಿಕೊಡುವ ಸಾಫ್ಟ್‌ವೇರ್ ಸಲಕರಣೆಗಳಿವೆ. ಹನ್ನೊಂದು ವರ್ಷದಿಂದ ಅವನು ಅವುಗಳ ರಿಪೇರಿಯವನು. ಅವನು ಸೀನಿದರೆ ನಾಲ್ಕು ಖಂಡಗಳ ಫೋನುಗಳಿಗೆ ನೆಗಡಿ.

ಹೋದ ತಿಂಗಳು ಅವನು ತೀರ ಹಳೆಯ ಫೋನುಗಳನ್ನು ಆ ಸಲಕರಣೆಗಳ ಪಟ್ಟಿಯಿಂದ ತೆಗೆದುಹಾಕಿದ. ಬಳಸುವವರು ಶೇಕಡಾ ಅರ್ಧವೂ ಇರಲಿಲ್ಲ. ಅವರಿಗಾಗಿ ಎಷ್ಟು ದಿನ ಹೆಣಗುವುದು?

ಈ ಗುರುವಾರ ಹತ್ತಿರದ ಊರು ರಾಕ್‌ವಿಲ್‌ನ ವರಲಕ್ಷ್ಮಿ ಆಂಟಿ ಫೋನ್ ಮಾಡಿದರು. ಅವರ ಯಜಮಾನರು, ನಿವೃತ್ತ ಡಾಕ್ಟರು ಬಾಲಸುಬ್ರಹ್ಮಣ್ಯ. ಅವರ ಕಿವಿಯ ಯಂತ್ರವನ್ನು ಹದಗೊಳಿಸುವ ಆಪ್ ತಡವರಿಸುತ್ತಿತ್ತು. ಗುರುರಾಜ ಊರಿಗೆಲ್ಲ ಕೊಡುವ ಮದ್ದನ್ನೇ ಕೊಟ್ಟ.

"ಡಿಲೀಟ್ ಮಾಡಿ ಮತ್ತೆ ಇನ್‌ಸ್ಟಾಲ್ ಮಾಡಿ ಆಂಟಿ, ಸರಿಹೋಗತ್ತೆ."

ಅರ್ಧ ಗಂಟೆಗೆ ಮತ್ತೆ ಕರೆ ಬಂತು. "ಡಿಲೀಟ್ ಏನೋ ಆಯ್ತಪ್ಪ. ಈಗ ಫೋನ್ ತೀರ ಹಳೇದು, ಆಪ್ ಸಿಗಲ್ಲ ಅಂತಿದೆ. ಅದಿಲ್ದೆ ಇವರ ಕಿವಿಗೇನೂ ಬೀಳ್ತಿಲ್ಲ. ಹೊಸ ಫೋನಿಗೆ ಆ ಕಿವಿ ಮೆಷಿನ್ನು ಕನೆಕ್ಟ್ ಆಗಲ್ವಂತೆ."

ಆ ಆಪ್ ಕಟ್ಟಿದ್ದು ತನ್ನ ಸಲಕರಣೆಯಿಂದಲೇ ಎಂದು ಗುರುರಾಜನಿಗೆ ಆಗ ಹೊಳೆಯಿತು. ರಾಕ್‌ವಿಲ್‌ಗೆ ಹೊರಟವನ ಎದೆಯ ಭಾರಕ್ಕೆ ಕಾರಿನ ಟಯರುಗಳೇ ಅರ್ಧ ಇಂಚು ಚಪ್ಪಟೆಯಾದವು.

ಡಾಕ್ಟರ ಎದುರು ಕೂತು ಹೇಳಿಯೇಬಿಟ್ಟ: "ಅಂಕಲ್, ಹಳೇ ಫೋನ್ ಸಪೋರ್ಟ್ ತೆಗೆದಿದ್ದು ನಾನೇ. ಡಿಲೀಟ್ ಮಾಡಿಸಿದ್ದೂ ನಾನೇ."

ಡಾಕ್ಟರು ಕಿವಿಗೆ ಕೈ ಹಿಡಿದು ನಕ್ಕರು. "ಏನೂ ಕೇಳಿಸ್ತಿಲ್ಲ ಕಣಯ್ಯ. ನೀನು ಬಂದ್ಯಲ್ಲ, ಇನ್ನು ಯೋಚನೆ ಇಲ್ಲ."

ತಾನು ಹೇಳಿದ್ದನ್ನೇ ಬರೆದು ತೋರಿಸಲು ಗುರುರಾಜ ಚೀಟಿ, ಪೆನ್ನು ತೆಗೆದ. ಆಂಟಿ ಕಾಫಿ ತಂದಿಟ್ಟರು. ಕಾಫಿ ಆರಿತು, ಚೀಟಿ ಖಾಲಿಯೇ ಇತ್ತು.