ಹಳೆಯ ಚೀಟಿ ಕೀಳುವ ಕೆಲಸ

ಆಗ ನಾನು ಗುಲ್ಬರ್ಗದಲ್ಲಿ ಎಂ.ಎಸ್ಸಿ. ಓದುತ್ತಿದ್ದೆ. ದಿನಾ ವಾಡಿಯಿಂದ ರೈಲಿನಲ್ಲಿ ಹೋಗಿ ಬರುವುದು. ಶಹಾಬಾದ್ ದಾಟುವಷ್ಟರಲ್ಲಿ ಪುಸ್ತಕದ ಮೇಲೆ ಕಲ್ಲಿನ ಧೂಳು ಕೂತಿರುತ್ತಿತ್ತು. ಸೆರಗಿನಿಂದ ಒರೆಸಿ ಮುಂದೆ ಓದುತ್ತಿದ್ದೆ. ನಿಜ ಹೇಳಬೇಕೆಂದರೆ, ನನಗೆ ಓದುವ ಹುಚ್ಚಿಗಿಂತ ಓದಿದ್ದನ್ನು ಯಾರ ಮುಂದಾದರೂ ಹೇಳಿಕೊಳ್ಳುವ ಹುಚ್ಚೇ ಹೆಚ್ಚು. ಮನೆಯಲ್ಲಿ ನನ್ನ ಕೈಗೆ ಸಿಕ್ಕಿಬೀಳುತ್ತಿದ್ದವರು ಅಪ್ಪ.

ಅಪ್ಪ ವಾಡಿಯ ಗೂಡ್ಸ್ ಯಾರ್ಡಿನಲ್ಲಿ ರೈಲು ಡಬ್ಬಿಗಳಿಗೆ ಚೀಟಿ ಹಾಕುತ್ತಿದ್ದರು. ಪ್ರತಿ ಡಬ್ಬಿಯ ಎರಡೂ ಬದಿಗೆ ಒಂದೊಂದು ತಗಡಿನ ಚೌಕಟ್ಟು, ಅದರೊಳಗೆ ಡಬ್ಬಿ ಸೇರಬೇಕಾದ ಊರಿನ ಹೆಸರು. ದಾರಿಯಲ್ಲಿ ಡಬ್ಬಿ ಬೇರ್ಪಡಿಸುವವರು ಒಳಗೇನಿದೆ ಎಂದು ನೋಡುವುದಿಲ್ಲ. ಚೀಟಿ ಓದಿ ಆ ಕಡೆಯ ಗಾಡಿಗೆ ಜೋಡಿಸುತ್ತಾರೆ, ಅಷ್ಟೇ. ಹಾಗಾಗಿ ಹೊಸ ಚೀಟಿ ಹಾಕುವುದಕ್ಕೆ ಮೊದಲು ಎರಡೂ ಬದಿಯ ಹಳೆಯ ಚೀಟಿ ಕಿತ್ತು ಹಾಕುವುದು ಅಪ್ಪನ ಕೆಲಸ.

ಆ ವರ್ಷ ಮುಂಗಾರಿನ ಹೊತ್ತಿಗೆ ಸೇಡಂಗೆ ಹೋಗಬೇಕಾಗಿದ್ದ ತೊಗರಿ ಬೀಜದ ಡಬ್ಬಿಯೊಂದು ಗುಂತಕಲ್ಲಿಗೆ ಹೋಯಿತು. ಒಂದು ಬದಿಗೆ ಅಪ್ಪ ಹಾಕಿದ ಸೇಡಂ ಚೀಟಿ ಇತ್ತು. ಇನ್ನೊಂದು ಬದಿಗೆ ಹಿಂದಿನ ಸಲದ ಗುಂತಕಲ್ ಚೀಟಿ ಹಾಗೆಯೇ ಉಳಿದಿತ್ತು. ಬೀಜ ತಿರುಗಿ ಬರುವಷ್ಟರಲ್ಲಿ ಬಿತ್ತನೆಯ ಹದ ಮುಗಿದಿತ್ತು. ಬೀಜಕ್ಕೆಂದು ಚಿಂಚೋಳಿ ಕಡೆಯಿಂದ ಸೇಡಂಗೆ ಬಂಡಿ ಕಟ್ಟಿಕೊಂಡು ಬಂದ ರೈತರು ಬರಿಗೈಯಲ್ಲಿ ಹೋದರಂತೆ. ಕೆಲಸದಿಂದ ಯಾಕೆ ತೆಗೆಯಬಾರದು, ವಾರದೊಳಗೆ ಬರೆದು ತಿಳಿಸಿ ಎಂದು ಅಪ್ಪನಿಗೆ ನೋಟಿಸು ಬಂತು. ನಿವೃತ್ತಿಗೆ ಒಂದೇ ವರ್ಷ ಉಳಿದಿತ್ತು. ಅಪ್ಪ ಮಾತು ಬಿಟ್ಟರು.

ಜೊತೆಯಲ್ಲಿ ಕೆಲಸ ಮಾಡುವವರೊಬ್ಬರು ಮನೆಗೆ ಬಂದು ದಾರಿ ತೋರಿಸಿದರು: "ಎರಡೂ ಬದಿಗಿ ಹೊಸಾ ಚೀಟಿನೇ ಹಾಕಿದ್ದೆ, ಒಂದು ಗಾಳಿಗಿ ಹಾರಿತು, ಹಳೀದು ಅದರ ಹಿಂದ ಕುಂತಿತ್ತು, ಕಾಣಲಿಲ್ಲ ಅಂತ ಬರೀರಿ. ಯಾರ್ ನೋಡ್ಯಾರ?" ನನಗೂ ಅದೇ ಸರಿ ಅನ್ನಿಸಿತು.

ಅದೇ ವಾರ ನಾನು ಜೀವಕೋಶದೊಳಗೆ ಪ್ರೋಟೀನುಗಳು ಹೇಗೆ ತಮ್ಮ ತಮ್ಮ ಜಾಗ ಸೇರುತ್ತವೆ ಎಂಬ ಪಾಠ ಓದಿದೆ. ಓದುತ್ತ ಮೈ ಜುಮ್ಮೆಂದಿತು. ಕಣ್ಣಿಗೆ ಕಾಣದ ಕೋಶವೊಂದರಲ್ಲಿ ಸಾವಿರಾರು ಬಗೆಯ ಪ್ರೋಟೀನುಗಳು ತಯಾರಾಗುತ್ತವೆ. ಹೊರಗೆ ಹೋಗಬೇಕಾದ ಪ್ರೋಟೀನು ಇನ್ನೂ ಪೂರ್ತಿ ಹುಟ್ಟಿರುವುದಿಲ್ಲ, ಆಗಲೇ ಅದರ ತುದಿಯಲ್ಲಿ ಎಲ್ಲಿಗೆ ಎಂಬ ಗುರುತು ಇರುತ್ತದೆ. ಆ ಗುರುತನ್ನು ಹಿಡಿಯುವ ಕಣವೊಂದು ಅದನ್ನು ಮೊದಲು ಕೋಶದೊಳಗಿನ ಪೊರೆಚೀಲವೊಂದರ ಬಾಗಿಲಿಗೆ ಮುಟ್ಟಿಸುತ್ತದೆ. ನಾನು ರೊಟ್ಟಿ ತಿನ್ನುತ್ತಿರುವಾಗಲೂ ಇದು ನನ್ನೊಳಗೆ ನಡೆದಿದೆ, ನನ್ನನ್ನು ಕೇಳದೆ! ಮನೆಗೆ ಬಂದವಳೇ ಅಪ್ಪನ ಎದುರು ಕೂತು ಎಲ್ಲ ಒದರಿದೆ.

ಅಪ್ಪ ತಲೆ ಎತ್ತಿದರು. "ಒಳಗ ಹೋದ ಮ್ಯಾಲ ಆ ಚೀಟಿ ಏನಾಗ್ತದ?"

ನಾಲ್ಕು ದಿನಕ್ಕೆ ಅವರ ಮೊದಲ ಮಾತು. "ಕತ್ತರಿಸಿ ಒಗಿತದ ಅಪ್ಪಾ. ಅದಕ್ಕಂತನೇ ಒಂದು ಕಿಣ್ವ ಅದ. ಕತ್ತರಿಸಲಿಲ್ಲಂದ್ರ ಎಷ್ಟೋ ಪ್ರೋಟೀನು ಬಾಗಿಲದಾಗೇ ಸಿಕ್ಕೊಂಡು ಕುಂದರ್ತಾವ."

"ಅಬಾಬಾ! ಅಷ್ಟು ಸಣ್ಣದ್ರಾಗ ಕೀಳಾಕೂ ಒಬ್ಬಾಂವ ಇದ್ದಾನ!" ಅಪ್ಪನ ಕಣ್ಣು ಅರಳಿದ್ದನ್ನು ಕಂಡು ನಾನು ಉಬ್ಬಿಹೋದೆ. ಅಷ್ಟಕ್ಕೇ ಬಾಯಿ ಮುಚ್ಚಿಕೊಂಡಿದ್ದರೆ ಸರಿಯಿತ್ತು. ಕೋಶದ ಕಸ ಕರಗಿಸುವ ಕಿಣ್ವಗಳಿಗೂ ಬೇರೊಂದು ಗುರುತು ಬೀಳುತ್ತದೆ, ಕೆಲವು ಕೂಸುಗಳಲ್ಲಿ ಆ ಗುರುತು ಹಚ್ಚುವ ಶಕ್ತಿಯೇ ಇರುವುದಿಲ್ಲ ಎಂದೂ ಹೇಳಿಬಿಟ್ಟೆ. ಕಿಣ್ವ ತಯಾರಾಗುತ್ತದೆ, ಆದರೆ ಜಾಗ ಸೇರದೆ ಹೊರಗೆ ಹರಿದುಹೋಗುತ್ತದೆ. ಕಸ ಒಳಗೇ ತುಂಬುತ್ತದೆ. ಕೂಸು ಬೆಳೆಯುವುದಿಲ್ಲ, ಬಹಳ ದಿನ ಬದುಕುವುದೂ ಇಲ್ಲ.

ದಾರಿ ತಪ್ಪಿದ ಬೀಜದ ಡಬ್ಬಿ ನೆನಪಾಗಿ ಕಪ್ಪಿಟ್ಟ ಅಪ್ಪನ ಮುಖ ನೋಡಿದಾಗ ನನ್ನ ಬುದ್ಧಿಗೆ ನಾನೇ ಬೆಂಕಿ ಹಚ್ಚಬೇಕು ಅನ್ನಿಸಿತು. ಅವರು ಎದ್ದು ಹೊರಗೆ ಹೋದರು.

ಮರುದಿನ ಬೆಳಿಗ್ಗೆ ಕಾಗದ ತಂದು ನನ್ನ ಮುಂದಿಟ್ಟರು. ನಾನು ಅವರನ್ನು ಕೇಳದೆಯೇ, ಗಾಳಿಗೆ ಚೀಟಿ ಹಾರಿತು ಎಂದು ಬರೆಯತೊಡಗಿದೆ. ಓದಿಸಿ ಕೇಳಿದರು.

"ಅವತ್ತು ಗಾಳಿ ಇದ್ದಿಲ್ಲ," ಅಂದರು.

"ಅಪ್ಪಾ, ನೌಕರಿ ಹೋಗ್ತದ."

ಅಪ್ಪ ಕೇಳಿದರು, "ಆ ಕೂಸಿಂದು ಹೇಳಿದೆಲ್ಲ, ಅದರೊಳಗ ಗುರುತು ಹಚ್ಚಲಿಲ್ಲ. ಅದು ಯಾರ ತಪ್ಪವ್ವ?"

"ಯಾರ್ದೂ ಅಲ್ಲ. ಅಲ್ಲಿ ಯಾರೂ ಇರಂಗಿಲ್ಲ. ತಾನಾಗೇ ನಡಿತದ."

"ಹಂಗಾರ ಆ ತಾಯಿ ಯಾರಿಗಿ ಕೇಳಬೇಕು? ಕೇಳಾಕ ಯಾರೂ ಇಲ್ಲ." ಕಾಗದವನ್ನು ನನ್ನ ಕಡೆಗೆ ಸರಿಸಿದರು. "ಸೇಡಂದವರು ಕೇಳಿದ್ರ ಇಲ್ಲಿ ನಾ ಅದೀನಲ್ಲ. ಹಳೀ ಚೀಟಿ ಕೀಳೋದು ಮರತೆ ಅಂತ ಬರಿ."

ಹೊಸ ಹಾಳೆ ತೆಗೆದುಕೊಂಡು ಬರೆದೆ. ಅಪ್ಪ ಕೆಳಗೆ ತಮ್ಮ ಹೆಸರನ್ನು, ಚೀಟಿಯ ಮೇಲೆ ಊರಿನ ಹೆಸರು ಬರೆಯುವಂತೆಯೇ ದೊಡ್ಡ ದೊಡ್ಡ ಅಕ್ಷರಗಳಲ್ಲಿ ಬರೆದರು.