ಮೀನಿನ ಪೆಟ್ಟಿಗೆಯ ಐಸ್

ಚೆಂಡು ಹಿಡಿಯಲು ಹಾರಿದ ನಾನು ಪಾದ ಹೊರಳಿ ಬಿದ್ದೆ. ಪುಂಜಾಲಕಟ್ಟೆಯ ರಸ್ತೆ ಬದಿಯ ಮೈದಾನದಲ್ಲಿ ನಾವು ಶಿಕ್ಷಕಿಯರು ತ್ರೋಬಾಲ್ ಆಡುತ್ತಿದ್ದೆವು. ಸಹೋದ್ಯೋಗಿಯೊಬ್ಬರು ಊದುತ್ತಿದ್ದ ಪಾದಕ್ಕೆ ತೈಲ ಸುರಿದು ತಿಕ್ಕಲು ಕುಳಿತರು.

"ತಿಕ್ಕಬೇಡಿ ಮಾರಾಯ್ರೆ!"

ಕುಂಟುತ್ತಲೇ ಓಡಿ ಬಂದವರು ನಮ್ಮೂರಲ್ಲಿ ಸ್ಕೂಟರಿನಲ್ಲಿ ಮೀನು ಮಾರುವ ಹಮೀದಣ್ಣ. ಕೈತುಂಬ ಐಸ್ ತಂದವರು ಹತ್ತಿರ ಬಂದು ಹಿಂಜರಿದು ನಿಂತರು. ನಾವು ಸಸ್ಯಾಹಾರಿಗಳೆಂದು ಅವರಿಗೆ ಗೊತ್ತು. ಅದಕ್ಕೇ ನಮ್ಮ ಗೇಟಿನ ಮುಂದೆ ಮಾತ್ರ ಹಾರ್ನ್ ಹಾಕುವುದಿಲ್ಲ.

"ಟೀಚರೇ, ಇದು ಮೀನಿನ ಐಸ್. ನಿಮಗೆ ಆಗ್ತದಾ?"

ಆ ನೋವಿನಲ್ಲೂ ನನಗೆ ನಗು ಬಂತು. ಕಾಲು ಚಾಚಿದೆ. ಅವರು ತಮ್ಮ ಟವೆಲಿನಲ್ಲಿ ಐಸ್ ಸುತ್ತಿ ಪಾದಕ್ಕೆ ಹಿಡಿದರು, ಕಾಲನ್ನು ನನ್ನ ಬ್ಯಾಗಿನ ಮೇಲೆ ಎತ್ತಿಟ್ಟರು. ಕಬಡ್ಡಿ ಆಡುತ್ತಿದ್ದಾಗ ತಮಗೂ ಹೀಗೇ ಆಗಿತ್ತಂತೆ. ತೈಲ ಹಾಕಿ ತಿಕ್ಕಿಸಿಕೊಂಡು ಮರುದಿನವೇ ಆಟಕ್ಕೆ ಇಳಿದರಂತೆ. ಅವರು ಯಾಕೆ ಕುಂಟುತ್ತಾರೆಂದು ನಾನು ಅದುವರೆಗೆ ಕೇಳಿಯೇ ಇರಲಿಲ್ಲ.

ಎಕ್ಸ್‌ರೇ ತೆಗೆಸಿದಾಗ ಮೂಳೆ ಸರಿಯಿತ್ತು. ಆದರೂ ಮೂರು ವಾರ ಮನೆಯಲ್ಲೇ ಉಳಿದೆ. ಅಷ್ಟೂ ದಿನ ಬೆಳಿಗ್ಗೆ ನಮ್ಮ ಗೇಟಿನ ಮುಂದೆ ಹಾರ್ನ್ ಕೇಳುತ್ತಿತ್ತು. ನಾನು ಜಗಲಿಗೆ ಬಂದು ಪಾದ ಆಡಿಸಿ ತೋರಿಸಬೇಕು, ಅವರು ತಲೆಯಾಡಿಸಿ ಮುಂದೆ ಹೋಗಬೇಕು. ನಾವೂ ಮೀನು ತಿನ್ನಲು ಶುರುಮಾಡಿದೆವೆಂದೇ ಪಕ್ಕದ ಮನೆಯವರು ತಿಳಿದಿದ್ದರು.

ಈಗ ಕಾಲು ವಾಸಿಯಾಗಿದೆ. ಹಮೀದಣ್ಣ ಮತ್ತೆ ಮೊದಲಿನಂತೆ ಹಾರ್ನ್ ಹಾಕದೆ ಹೋಗುತ್ತಾರೆ. ಅವರ ಸ್ಕೂಟರ್ ನಮ್ಮ ಗೇಟು ದಾಟುವವರೆಗೆ ನಾನು ಕೈಯಲ್ಲಿದ್ದ ಕೆಲಸ ನಿಲ್ಲಿಸಿ ಕಿವಿಗೊಟ್ಟಿರುತ್ತೇನೆ.