ನಿಮಗ್ಯಾಕ್ರಿ ಮೇಡಂ ಈ ಟಾಪಿಕ್?

ಶನಿವಾರ ಬೆಳಿಗ್ಗೆ ಉಪ್ಪಿಟ್ಟಿಗೆ ರವೆ ಹುರಿಯುತ್ತ ನಾನು ಚೀನಾದ ಬಗ್ಗೆ ಗಟ್ಟಿಯಾಗಿ ಭಾಷಣ ಮಾಡುತ್ತಿದ್ದೆ. ಕೇಳುವವರು ಯಾರೂ ಇರಲಿಲ್ಲ. ಗಂಡ ಬಾತ್‌ರೂಮಿನಲ್ಲಿ, ಮಗಳು ಹೊದಿಕೆಯೊಳಗೆ, ಹಾಲು ಸ್ಟವ್ ಮೇಲೆ. ಭಾಷಣಕ್ಕೆ ಉಕ್ಕಿದ್ದು ಹಾಲು ಮಾತ್ರ.

ಆವತ್ತು ನನ್ನ ಗೈಡ್ ಮುಂದೆ ಪ್ರಪೋಸಲ್ ಒಪ್ಪಿಸಬೇಕಿತ್ತು. ಮಗಳು ಕಾಲೇಜು ಸೇರಿದ ವರ್ಷವೇ ನಾನೂ ಎಂ.ಎ. ಸೇರಿದ್ದನ್ನು ಈ ಅಂಕಣದಲ್ಲೇ ನಿಮಗೆ ಹಿಂದೊಮ್ಮೆ ಹೇಳಿದ್ದೆ. ವಿಷಯ, ಅಂತರರಾಷ್ಟ್ರೀಯ ಸಂಬಂಧಗಳು. ಕೊನೆಗೆ ಒಂದು ಪ್ರಬಂಧ ಬರೆಯಬೇಕು. ಅದಕ್ಕೂ ಮುಂಚೆ ಏನನ್ನು ಅಧ್ಯಯನ ಮಾಡುತ್ತೇನೆ, ಯಾಕೆ, ಹೇಗೆ ಎಂದು ಬರೆದುಕೊಟ್ಟು ಒಪ್ಪಿಗೆ ಪಡೆಯಬೇಕು. ಅದೇ ಪ್ರಪೋಸಲ್. (ಗಿರಣಿಗೆ ಹೋಗುವ ಮುಂಚೆ ಜೋಳ ಹಸನು ಮಾಡಿದ ಹಾಗೆ. ಹಸನು ಮಾಡುವುದೇ ಅರ್ಧ ಕೆಲಸ.)

ನನ್ನ ವಿಷಯ ಪುಸ್ತಕದಲ್ಲಿ ಸಿಕ್ಕಿದ್ದಲ್ಲ. ಮದುವೆಯಾದ ಹೊಸತರಲ್ಲಿ ನಾವು ಸಂಡೂರಿನಲ್ಲಿದ್ದೆವು. ಕಬ್ಬಿಣದ ಅದಿರಿನ ಲಾರಿಗಳು ಬಿಡುವಿಲ್ಲದೆ ಓಡುತ್ತಿದ್ದ ಕಾಲ. ಬೆಳಿಗ್ಗೆ ಒಣಹಾಕಿದ ಬಿಳಿ ಪಂಚೆ ಸಂಜೆಗೆ ಕೆಂಪಾಗಿರುತ್ತಿತ್ತು. ಮಗಳ ಹಾಲಿನ ಬಾಟಲಿಯ ಮುಚ್ಚಳ ತಿರುವಿದರೆ ಅಂಚಿನಲ್ಲೂ ಒಂದು ಕೆಂಪು ಗೆರೆ. ನಮ್ಮ ಗುಡ್ಡ ಹಡಗು ಹತ್ತಿ ಚೀನಾಕ್ಕೆ ಹೋಗುತ್ತಿತ್ತು. ಅಲ್ಲಿ ಕಟ್ಟಡ ಎದ್ದರೆ ಇಲ್ಲಿ ನಾನು ಒಗೆದ ಬಟ್ಟೆಯನ್ನೇ ಮತ್ತೆ ಒಗೆಯಬೇಕು. ಅಲ್ಲಿ ಬೇಡಿಕೆ ಬಿದ್ದರೆ ಇಲ್ಲಿ ಲಾರಿ ಮನೆ ಮುಂದೆ ನಿಂತು, ಡ್ರೈವರನ ಹೆಂಡತಿ ಕೂಲಿಗೆ ಹೋಗಬೇಕು.

ಎರಡು ದೇಶಗಳ ವ್ಯಾಪಾರ ಒಬ್ಬಳ ಅಡುಗೆಮನೆಗೆ ಹೇಗೆ ನುಗ್ಗುತ್ತದೆ? ಇದೇ ನನ್ನ ಪ್ರಶ್ನೆ. ಇದಕ್ಕಾಗಿ ಬೇಸಿಗೆಯಿಡೀ ಸಂಡೂರು, ಚೋರನೂರು, ಪಾಪಿನಾಯಕನಹಳ್ಳಿ ಎಂದು ಬಸ್ಸಿನಲ್ಲಿ ಅಲೆದೆ. ಹೆಂಗಸರ ಪಕ್ಕ ಕೂತು, ಅವರು ರೊಟ್ಟಿ ತಟ್ಟುವಾಗ ಒಲೆಗೆ ಕಟ್ಟಿಗೆ ಒಟ್ಟುತ್ತ ಮಾತಾಡಿಸಿ, ಎಲ್ಲ ಬರೆದು ಫೈಲ್ ಮಾಡಿಕೊಂಡು ಬಂದೆ.

ಗೈಡ್ ಮರ್ಯಾದಸ್ಥರೇ. "ಬರ್ರಿ, ಕುಂದ್ರಿ" ಎಂದರು. ಚಹಾ ತರಿಸಿದರು. ಮೊದಲ ಪುಟ ಓದಿ ಮುಗಿಸಿ, ತಮ್ಮ ಕಪ್ಪನ್ನು ನನ್ನ ಪ್ರಪೋಸಲ್ ಮೇಲೆ ಇಟ್ಟರು. ಸಾಸರು ಪಕ್ಕದಲ್ಲೇ ಇತ್ತು.

"ಛಲೋ ಬರ್ದೀರಿ ಮೇಡಂ. ಆದ್ರ ಇದು ಇಂಟರ್‌ನ್ಯಾಷನಲ್ ಆಗಂಗಿಲ್ಲ. ಬಟ್ಟಿ ಒಗಿಯೋದು, ಅಡಿಗಿಮನಿ, ಇವೆಲ್ಲ ಭಾಳ ಲೋಕಲ್ ಆತು."

"ಅದಿರು ಹೋಗಿದ್ದು ಚೀನಾಕ್ಕಲ್ರಿ ಸರ್?"

"ಹೋಗಿದ್ದು ಖರೆ. ಆದ್ರ ನೀವು ಹಗುರ ಆಗೋದು ತಗೋರಿ. ಹಂಪಿಗೆ ಫಾರಿನರ್ಸ್ ಬರ್ತಾರ, ನಮ್ಮ ಊಟ ಮೆಚ್ಚತಾರ. ಫುಡ್ ಡಿಪ್ಲೊಮಸಿ ಅಂತಾರ ಅದಕ್ಕ. ಹೆಣ್ಮಕ್ಕಳಿಗೆ ಒಪ್ಪತೈತಿ."

ಅಷ್ಟರಲ್ಲಿ ಕಿರಣ ಒಳಗೆ ಬಂದ. ನನ್ನ ಸಹಪಾಠಿ, ಕಂಪ್ಲಿಯ ರೈಸ್ ಮಿಲ್ಲಿನವರ ಮಗ. ಅವನಿಗೆ ಇನ್ನೂ ವಿಷಯ ಹೊಳೆದಿರಲಿಲ್ಲ. ಗೈಡ್ ಕಪ್ಪು ಎತ್ತಿದರು. ನನ್ನ ಹಾಳೆಗಳನ್ನು ಅವನ ಕಡೆ ಸರಿಸಿದರು.

"ಇದನ್ನ ಇವ ಮಾಡ್ಲಿ. ಭಾರತ ಚೀನಾ ಖನಿಜ ವ್ಯಾಪಾರ ಅಂತ ಹೆಸರು ಬದಲ್ ಮಾಡಿದ್ರ ಮುಗೀತು. ನೀವು ಮಾತಾಡಿಸಿದ್ದು ಏನೈತಿ, ಇವಂಗ ಕೊಡ್ರಿ. ಮುಂದ ಪಿಎಚ್.ಡಿ. ಮಾಡಾಂವ, ನೌಕರಿ ಹಿಡಿಯಾಂವ. ನಿಮಗ್ಯಾಕ್ರಿ ಮೇಡಂ ಈ ಟಾಪಿಕ್? ಮನಿ ಐತಿ, ಯಜಮಾನ್ರು ಅದಾರ. ಬಿಟ್ಕೊಡ್ರಿ."

ಕಿರಣ ನೆಲ ನೋಡುತ್ತ, "ಆಂಟಿ, ನಿಮಗ ಬ್ಯಾಡಾಗಿದ್ರ ಅಷ್ಟ" ಎಂದ.

ಬೇಡ ಎಂದು ನಾನು ಯಾವಾಗ ಹೇಳಿದ್ದೆ?

ನನ್ನ ಕೈಯಲ್ಲಿ ಲೋಕಲ್ ಆಗಿದ್ದ ವಿಷಯ ಮೇಜಿನ ಈ ಕಡೆಯಿಂದ ಆ ಕಡೆಗೆ ಹೋಗುವಷ್ಟರಲ್ಲಿ ಇಂಟರ್‌ನ್ಯಾಷನಲ್ ಆಯಿತು. ಪಾಸ್‌ಪೋರ್ಟ್ ಕೂಡ ಇಷ್ಟು ಜಲ್ದಿ ಸಿಗುವುದಿಲ್ಲ.

ನಾನೇನು ಮಾಡಿದೆ ಗೊತ್ತೇ? "ಯೋಚನೆ ಮಾಡಿ ಹೇಳ್ತೀನಿ ಸರ್" ಎಂದೆ. ಥ್ಯಾಂಕ್ಸ್ ಬೇರೆ ಹೇಳಿದೆ. ದನಿ ಎತ್ತಬಾರದು, ಕುರ್ಚಿ ಎಳೆದರೂ ಸದ್ದಾಗಬಾರದು ಎಂದು ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ಕಲಿಸಿದ್ದರು. ಚೆನ್ನಾಗಿಯೇ ಕಲಿತಿದ್ದೇನೆ. ಕುರ್ಚಿಯನ್ನು ಎರಡೂ ಕೈಯಲ್ಲಿ ಎತ್ತಿ ಹಿಂದಕ್ಕಿಟ್ಟು, ಹಾಳೆಗಳನ್ನು ತೆಗೆದುಕೊಂಡು ಬಂದೆ.

ಸಿಟ್ಟು ಬಂದಿದ್ದು ಬಸ್ಸಿನಲ್ಲಿ. ಅದೂ ಎಂಥ ಸಿಟ್ಟು! ಟಿಕೆಟ್ಟನ್ನು ಹಿಸುಕಿ ಹಿಸುಕಿ ಉಂಡೆ ಮಾಡಿದ್ದೆ.

ಬಿಟ್ಟುಕೊಡು. ಹುಟ್ಟಿದಾಗಿನಿಂದ ಕೇಳಿದ ಮಾತು. ಅಣ್ಣನಿಗೆ ಸೈಕಲ್ ಬಿಟ್ಟುಕೊಡು, ಅವನು ಟ್ಯೂಷನ್ನಿಗೆ ಹೋಗಬೇಕು. ಕಿಟಕಿ ಸೀಟು ಬಿಟ್ಟುಕೊಡು. ಬಂದವರಿಗೆ ಹೋಳಿಗೆ ಸಾಲದಿದ್ದರೆ ನಿನ್ನದು ಬಿಟ್ಟುಕೊಡು. ಬಿಟ್ಟುಕೊಟ್ಟವಳಿಗೆ ಒಳ್ಳೆಯವಳು ಎಂಬ ಸರ್ಟಿಫಿಕೇಟು. ಈಗ ನಾನು ಬಿಸಿಲಲ್ಲಿ ಅಲೆದು ತಂದ ಪ್ರಶ್ನೆಯನ್ನೂ ಬಿಟ್ಟುಕೊಡಬೇಕು. ಯಾಕೆ? ನನಗೆ ಅದರಿಂದ ನೌಕರಿ ಸಿಗುವುದಿಲ್ಲವಂತೆ. ಹಾಗಾದರೆ ತಿಳಿದುಕೊಳ್ಳಬೇಕು ಎಂಬ ಆಸೆಗೂ ಸಂಬಳದ ಚೀಟಿ ತೋರಿಸಬೇಕೇ? ಹೆಂಗಸು ಓದಿದರೆ ಹವ್ಯಾಸ, ಗಂಡಸು ಓದಿದರೆ ಭವಿಷ್ಯ. ಯಾರು ಮಾಡಿದ ಲೆಕ್ಕ ಇದು?

ಮನೆಗೆ ಬಂದು ಗಂಡನಿಗೆ ಹೇಳಿದೆ. ಅವರು ಪೇಪರಿನಿಂದ ತಲೆ ಎತ್ತದೆ, "ಹೋಗ್ಲಿ ಬಿಡು, ಆ ಹುಡುಗಗ ನೌಕರಿ ಬೇಕಲ್ಲ. ನೀನು ಇನ್ನೊಂದು ಹುಡುಕ್ಕೋ" ಎಂದರು. ಇನ್ನೊಂದು! ಸಾರು ಕೆಟ್ಟರೆ ಇನ್ನೊಂದು ಸಾರು ಮಾಡು ಎಂದ ಹಾಗೆ. ಮಧ್ಯಾಹ್ನದ ಊಟ ಬಡಿಸಿದೆ, ಮಾತಾಡಲಿಲ್ಲ. ಅವರು ಗಮನಿಸಲೂ ಇಲ್ಲ. ಉಪ್ಪಿನಕಾಯಿ ಕೇಳಿದರು.

ಸಂಜೆ ಅಂಗಳದಲ್ಲಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದೆ. ಗೈಡ್ ಫೋನು.

"ಏನ್ರಿ ಮೇಡಂ, ಕಿರಣಗ ಫೈಲ್ ಕಳಸ್ತೀರಲ್ಲ?"

"ಕಳಸಂಗಿಲ್ಲ ಸರ್."

ನನ್ನ ದನಿ ನನಗೇ ಹೊಸದೆನಿಸಿತು. ಅದು ಅಲ್ಲಿಗೇ ನಿಲ್ಲಲಿಲ್ಲ.

"ಆ ಹೆಣ್ಮಕ್ಕಳು ಬಾಯಿ ಬಿಟ್ಟಿದ್ದು ನನ್ನ ಮುಂದ. ಬಿಸಿಲಾಗ ಅಡ್ಡಾಡಿದಾಕಿ ನಾನು. ನಾ ಬರದ್ರ ಲೋಕಲ್, ಅಂವ ಬರದ್ರ ಇಂಟರ್‌ನ್ಯಾಷನಲ್ ಹೆಂಗ ಆಕ್ಕೈತಿ ಅಂತ ನೀವು ಬರದು ಕೊಡ್ರಿ. ಸೋಮವಾರ ನಿಮ್ಮ ಎಚ್.ಓ.ಡಿ. ಮುಂದ ಕುಂತು ಓದೂಣು. ಕಿರಣನೂ ಬರ್ಲಿ. ನಾ ಯಾರಿಗೂ ಬಿಟ್ಕೊಡಂಗಿಲ್ಲ."

ಆ ಕಡೆ ಕಪ್ಪನ್ನು ಸಾಸರಿನ ಮೇಲೆ ಇಟ್ಟ ಸದ್ದು.

"ಅಷ್ಟ್ಯಾಕ ಸಿಟ್ಟಿಗೇಳ್ತೀರಿ ಮೇಡಂ? ನಾ ನಿಮ್ಮ ಒಳ್ಳೇದಕ್ಕ ಹೇಳ್ದೆ. ಇರ್ಲಿ ಬಿಡ್ರಿ, ನಿಮ್ಮ ಹೆಸರ್ಲೇ ಇರ್ಲಿ. ಸೋಮವಾರ ಬರ್ರಿ, ಸಹಿ ಮಾಡ್ತೀನಿ."

ಫೋನಿಟ್ಟೆ. ಗೆದ್ದೆ ಅನಿಸಲಿಲ್ಲ. ನನ್ನದನ್ನು ನನಗೇ ವಾಪಸ್ ಕೊಟ್ಟಿದ್ದಕ್ಕೆ ಕುಣಿಯಬೇಕೇ? ಒಳಗಿನ ಬೆಂಕಿ ಆರಿಲ್ಲ. ಮುಂದಿನ ವರ್ಷ ಇನ್ನೊಬ್ಬಳು ಅದೇ ಕುರ್ಚಿಯಲ್ಲಿ ಕೂರುತ್ತಾಳೆ. ಅವಳೂ ನನ್ನ ಹಾಗೆ ಮೊದಲು ಥ್ಯಾಂಕ್ಸ್ ಹೇಳುತ್ತಾಳೆ.

ತಲೆ ಎತ್ತಿದರೆ ಕಾಂಪೌಂಡಿನ ಆಚೆ ಪಕ್ಕದ ಮನೆಯ ಗೌರಕ್ಕ. ಮೆಂತ್ಯ ಸೋಸುವುದನ್ನು ನಿಲ್ಲಿಸಿ ಎಲ್ಲ ಕೇಳಿಸಿಕೊಂಡಿದ್ದರು. ಕಡ್ಡಿಯೊಂದನ್ನು ಆಚೆಗೆ ಎಸೆದು ಅಂದರು:

"ನಿಮಗ ಇಷ್ಟು ಬಾಯಿ ಐತಂತ ಮದಲ ಗೊತ್ತಿದ್ರ, ನಮ್ಮ ಓಣಿಗೆ ನೀರು ಬಿಡಾಂವನ ಹಂತ್ಯಾಕ ಇಷ್ಟು ವರ್ಷ ನಿಮ್ಮನ್ನ ಕಳಸ್ತಿದ್ವಲ್ರಿ."